ಹೆಳವರ ಪುಸ್ತಕದಲ್ಲಿ ಸೊಲ್ಲಾಪುರದಾಕಿ

ಸೋಮವಾರ ರಾತ್ರಿ ಕಾಕಾ ಫೋನ್ ಮಾಡಿದರು. "ಹೆಳವರು ಬಂದಾರ ನೋಡವ್ವಾ. ಗುರುವಾರ ಬೆಳಕು ಹರಿಯೂದರಾಗ ನಮ್ಮನಿ ಮುಂದ ಹೇಳ್ತಾರ. ಬರೂದಾದ್ರ ಬಾ, ಇಲ್ಲಂದ್ರ ಮತ್ತ ಐದಾರು ವರ್ಷ ಕಾಯಬೇಕು." ಮರುದಿನ ಔಷಧಿ ಅಂಗಡಿಯ ಬೀಗದ ಕೈಯನ್ನು ಹುಡುಗನಿಗೆ ಕೊಟ್ಟು, ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಇಂಡಿ ರೋಡಿನಲ್ಲಿ ಇಳಿದು ಟಂಟಂ ಹಿಡಿದರೆ ನಮ್ಮೂರು.

ಬೆಂಗಳೂರಿನ ಗೆಳತಿಯರಿಗೆ ಹೆಳವರು ಅಂದರೆ ಯಾರು ಅಂತಲೇ ಗೊತ್ತಿಲ್ಲ. ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ. ಹೋಟೆಲಿಗೂ ಮಿಕ್ಸಿಗೂ ವಿಮರ್ಶೆ ಬರೀತೀವಿ, ಇವರ ಕೆಲಸಕ್ಕೆ ಯಾಕೆ ಬರೀಬಾರದು?

ಹೆಳವರು ಮನೆತನಗಳ ವಂಶಾವಳಿ ಇಟ್ಟುಕೊಂಡಿರುವವರು. ಉತ್ತರ ಕರ್ನಾಟಕದಲ್ಲಿ ಅವರ ಓಡಾಟ ಜಾಸ್ತಿ. ಇಂಥ ಮನೆತನಗಳು ಇಂಥ ಹೆಳವರ ಪಾಲಿಗೆ ಅಂತ ಅವರವರಲ್ಲೇ ಹಂಚಿಕೆ ಇದೆ. ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ. ಮನೆ ಮುಂದೆ ನಿಂತು ಹಿರಿಯರ ಹೆಸರು ಒಂದೊಂದಾಗಿ ಹೇಳುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ, ಕಾಳುಕಡಿ, ಬಟ್ಟೆ, ರೊಕ್ಕ ತಗೊಂಡು ಮುಂದಿನ ಮನೆಗೆ ಹೋಗುತ್ತಾರೆ. ಹೆಳವ ಅಂದರೆ ಕುಂಟ. ಕಾಲಿಲ್ಲದ ಒಬ್ಬನಿಗೆ ಬಸವಣ್ಣನವರು ಎತ್ತು ಕೊಟ್ಟು ಕೂರಿಸಿದರು, ಅವನ ಮಕ್ಕಳೇ ನಾವು ಅಂತ ನಮ್ಮ ಮನೆಗೆ ಬಂದ ಹೆಳವರು ಹೇಳಿದರು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರಂತೆ. ಇವರು ಬಂದದ್ದು ಬೈಕಿನಲ್ಲಿ. ಗಂಟೆ ಮಾತ್ರ ಚೀಲದಲ್ಲಿತ್ತು.

ನನಗೆ ಬೇಕಾಗಿದ್ದದ್ದು ಒಬ್ಬಳ ಸುದ್ದಿ. ನಮ್ಮ ಅಜ್ಜನ ತಾಯಿ. ಹೆಸರು ಇಲ್ಲಿ ಬರೆಯಲ್ಲ, ಮನೆಯಲ್ಲಿ ಒಪ್ಪಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ. ಊರಲ್ಲಿ ಅವಳಿಗೆ "ಸೊಲ್ಲಾಪುರದಾಕಿ" ಅಂತಲೇ ಕರೆಯುತ್ತಿದ್ದರು. ಹಾಗಾಗಿ ಅವಳ ತವರು ಸೊಲ್ಲಾಪುರ ಅಂತ ನಾವೆಲ್ಲ ತಿಳಿದಿದ್ದೆವು. ಅವಳು ಸಿಟ್ಟು ಬಂದಾಗ "ಮಾರ್ಸಲ್ಲಾ ಕಾಲದಾಗ ಬಾಗಲಾ ಹಾಕ್ಕೊಂಡ ಹಸಗೊಂಡ ಕುಂತಾಕಿ ನಾ, ನನಗೇನ್ ಹೇಳ್ತಿ" ಅನ್ನುತ್ತಿದ್ದಳಂತೆ. ಮಾರ್ಸಲ್ಲಾ ಅಂದರೆ ಯಾವನೋ ಸಾಹುಕಾರ ಇರಬೇಕು ಅಂತ ಕಾಕಾ ಅಂದುಕೊಂಡಿದ್ದರು. ನನಗೆ ಯಾವುದೋ ಮಸಾಲೆ ನೆನಪಾಗುತ್ತಿತ್ತು.

ಮೊದಲು ನಾನೂ ಎಲ್ಲರ ಹಾಗೆ ಮೊಬೈಲಿನಲ್ಲೇ ಹುಡುಕಿದ್ದೆ. ದುಡ್ಡು ಕಟ್ಟಿ ಒಂದು ವಂಶವೃಕ್ಷದ ವೆಬ್‌ಸೈಟಿಗೆ ಸೇರಿಕೊಂಡೆ. ಹುಟ್ಟಿದ ದಿನಾಂಕ ಕೇಳಿತು, ಗೊತ್ತಿಲ್ಲ. ಮದುವೆಗೆ ಮುಂಚಿನ ಅಡ್ಡಹೆಸರು ಕೇಳಿತು, ಅದೂ ಗೊತ್ತಿಲ್ಲ. ಇಂಗ್ಲೆಂಡಿನ ಚರ್ಚುಗಳ ನಾಮಕರಣದ ಪುಸ್ತಕ ತೋರಿಸಿತು. ನಮ್ಮ ಕಡೆ ಹೆಣ್ಣುಮಗಳು ಹುಟ್ಟಿದ್ದನ್ನು ಬರೆದಿಟ್ಟ ಚರ್ಚು ಎಲ್ಲಿ ಬರಬೇಕು? ಮೂರು ತಿಂಗಳಾದ ಮೇಲೆ ಬಿಟ್ಟೆ.

ಗುರುವಾರ ಐದು ಗಂಟೆಗೇ ಕಾಕೂ ಅಂಗಳ ಸಾರಿಸಿ ರಂಗೋಲಿ ಹಾಕಿದ್ದಳು. ಹೆಳವರು ಕಂಬಳಿ ಹಾಸಿಕೊಂಡು ಕೂತು, ಕೆಂಪು ಬಟ್ಟೆ ಬಿಚ್ಚಿ, ಉದ್ದನೆಯ ಲೆಕ್ಕದ ಪುಸ್ತಕ ತೆಗೆದರು. ಹಳೆಯದು ಗೆದ್ದಲು ಹಿಡಿದಿತ್ತಂತೆ, ಇದು ಅವರ ಅಜ್ಜ ಕೂತು ನಕಲು ಮಾಡಿದ್ದು. ಅಂಚುಗಳು ಬೆರಳಿನ ಎಣ್ಣೆಗೆ ಕಪ್ಪಾಗಿದ್ದವು. ದಿನಾ ಡಾಕ್ಟರ ಚೀಟಿ ಓದುವ ನನಗೆ ಯಾವ ಅಕ್ಷರವೂ ಕಷ್ಟ ಆಗಲ್ಲ ಅಂತ ಬಗ್ಗಿ ನೋಡಿದೆ. ಕನ್ನಡವೇ, ಆದರೆ ಪದಗಳ ನಡುವೆ ಜಾಗ ಬಿಟ್ಟಿಲ್ಲ, ಅರ್ಧ ಅಕ್ಷರಗಳನ್ನು ನುಂಗಿದ್ದಾರೆ. ಅವರು ಮಾತ್ರ ಪುಸ್ತಕ ನೋಡದೆಯೇ ಶುರು ಮಾಡಿದರು. ಏಳು ತಲೆಮಾರು, ಯಾರು ಯಾವ ಊರು ಬಿಟ್ಟು ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು. ಹಾಡಿನ ಹಾಗೆ, ಉಸಿರು ತಗೊಳ್ಳದೆ. ಧಾತು ಸಂವತ್ಸರದ ಬರದಲ್ಲಿ ಇಬ್ಬರು ಅಣ್ಣತಮ್ಮಂದಿರು ಊರು ಬಿಟ್ಟದ್ದೂ ಅದರಲ್ಲಿ ಬಂತು. ಅದು 1876ರ ದೊಡ್ಡ ಬರ.

ಮುತ್ತಜ್ಜನ ಹೆಸರು ಬಂತು. ಅದರ ಹಿಂದೆಯೇ "ಉಡಕಿ" ಅಂದರು. ಕಾಕಾ ಕೆಮ್ಮಿದರು.

ಉಡಕಿ ಅಂದರೆ ಗಂಡ ಸತ್ತವಳನ್ನು ಮತ್ತೆ ಮದುವೆ ಮಾಡಿಕೊಳ್ಳುವುದು. ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ಇದ್ದದ್ದೇ, ಆದರೆ ಮನೆಯವರು ಬಾಯಿ ಬಿಡುವುದಿಲ್ಲ. ಅಂದರೆ ನಮ್ಮ ಮುತ್ತಜ್ಜಿಗೆ ಮೊದಲೊಂದು ಮದುವೆ ಆಗಿತ್ತು! ನಾನು ಕೇಳಿದೆ, "ಮೊದಲನೇ ಗಂಡನ ಮನಿ ಎಲ್ಲಿರಿ?"

"ಅದು ನಮ್ಮ ಪುಸ್ತಕಕ್ಕ ಬರೂದಿಲ್ಲ ತಂಗೀ. ತವರೂರು ಬರದದ ನೋಡು, ಇಷ್ಟ."

ಬರೆದಿದ್ದ ಊರು ಸೊಲ್ಲಾಪುರ ಅಲ್ಲ. ನಮ್ಮೂರಿಂದ ಹತ್ತು ಮೈಲಿ, ಭೀಮಾ ನದಿಯ ಈಚೆ ದಂಡೆ. ಐವತ್ತು ವರ್ಷದಿಂದ ಮನೆಮಂದಿಯೆಲ್ಲ ತಪ್ಪು ಊರು ಹೇಳುತ್ತಿದ್ದರು.

ನನ್ನ ಮಗಳ ಹೆಸರು ಬರೆಸೋಣ ಅಂತ ಹೋದಾಗ ಒಂದು ತಕರಾರು ಬಂತು. "ಹೆಣ್ಮಕ್ಕಳ್ದು ಅವರ ಗಂಡನ ಮನಿ ಹೆಳವರು ಬರಕೋತಾರ್ರಿ ಯವ್ವಾ" ಅಂದರು. ನನ್ನದೇ ಹೆಸರು ಆ ಪುಸ್ತಕದಲ್ಲಿಲ್ಲ. ಅಪ್ಪನ ಹೆಸರಿನ ಮುಂದೆ "ಹೆಣ್ಣು 2" ಅಂತಿದೆ. ಇದಕ್ಕೆ ಒಂದು ಅಂಕ ಕಡಿಮೆ, ಖಂಡಿತ. ನನ್ನ ಗಂಡನ ಊರು ಕೊಳ್ಳೇಗಾಲದ ಕಡೆ, ಆ ಮನೆಗೆ ಹೆಳವರು ಬಂದದ್ದನ್ನು ಯಾರೂ ನೋಡಿಲ್ಲ. ಹಾಗಾದರೆ ನಾನು ಎಲ್ಲೂ ಇಲ್ಲ, ಅಲ್ವಾ?

ಆದರೆ ಒಳ್ಳೆಯ ಅಂಗಡಿಯವನು ತನ್ನಲ್ಲಿ ಇಲ್ಲದ ಔಷಧಿ ಎಲ್ಲಿ ಸಿಗುತ್ತೆ ಅಂತ ಹೇಳುತ್ತಾನೆ ನೋಡಿ, ಇವರೂ ಹಾಗೇ. ಆ ತವರುಮನೆತನ ತಮ್ಮ ದಾಯಾದಿಗಳ ಪಾಲಿಗೆ ಬರುತ್ತೆ ಅಂತ ಹೇಳಿ, ಅವರ ಫೋನ್ ನಂಬರ್ ಕೊಟ್ಟರು. ಅವರು ದೀಪಾವಳಿ ಆದ ಮೇಲೆ ಆ ಊರಿಗೆ ಬರುವವರಿದ್ದರು. ಅವರದೊಂದು ಷರತ್ತು. ಪುಸ್ತಕ ಓದಬೇಕಾದರೆ ಆ ಮನೆಯವರೇ ಕೇಳಬೇಕು, ಅವರ ಹೊಸ್ತಿಲ ಮುಂದೆಯೇ ಓದುವುದು, ಫೋಟೋ ತೆಗೆಯೋ ಹಾಗಿಲ್ಲ. ನಾನು ಎಷ್ಟು ಕೊಡುತ್ತೇನೆ ಅಂದರೂ ಫೋನಿನಲ್ಲಿ ಒಂದಕ್ಷರ ಹೇಳಲಿಲ್ಲ. ಆಗ ಸಿಟ್ಟು ಬಂತು. ಈಗ ಅನ್ನಿಸುತ್ತೆ, ನನ್ನ ಮನೆತನದ ಪುಸ್ತಕವನ್ನೂ ಕಂಡವರಿಗೆಲ್ಲ ಓದುವುದಿಲ್ಲ ಅಂತಾಯ್ತಲ್ಲ. ವೆಬ್‌ಸೈಟಿನವರು ಇಷ್ಟು ಕಾಳಜಿ ಮಾಡ್ತಾರಾ?

ತವರುಮನೆಯವರನ್ನು ಹುಡುಕಿ, ಚಹಾ ಕುಡಿದು, ನಂಟಸ್ತಿಕೆ ಹಚ್ಚಿಕೊಂಡು ಒಪ್ಪಿಸಲು ಎರಡು ಸಲ ಹೋಗಬೇಕಾಯಿತು. ಅದನ್ನು ಬಿಡಿ. ಎರಡನೇ ಹೆಳವರು ಹಿಂದಿನವರಷ್ಟು ಚೆನ್ನಾಗಿ ಹಾಡಲಿಲ್ಲ, ಗಂಟಲು ಕಟ್ಟಿತ್ತು. ಆದರೆ ಇವರ ಅಜ್ಜ ಹೆಣ್ಣುಮಕ್ಕಳನ್ನೂ ಬರೆದಿದ್ದ! ಒಂದೂವರೆ ಸಾಲು. ಮಗಳ ಹೆಸರು, ಹೊಳೆಯ ಆಚೆ ಇಂಥ ಊರಿಗೆ ಕೊಟ್ಟದ್ದು, ಒಬ್ಬ ಮಗ, ಕಾಳಯುಕ್ತಿಯಲ್ಲಿ ಗಂಡ ತೀರಿದ, ಉಡಕಿ, ನಮ್ಮೂರ ಹೆಸರು.

ಕಾಳಯುಕ್ತಿ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತೆ. 1858, 1918, 1978. ನಮ್ಮ ಲೆಕ್ಕಕ್ಕೆ ನಡುವಿನದೇ ಕೂಡುತ್ತೆ. 1918 ಅಂದ ಕೂಡಲೇ ಮೈ ಜುಮ್ ಅಂದಿತು. ಇನ್‌ಫ್ಲುಯೆಂಜಾ ವರ್ಷ. ನಮ್ಮ ಕಡೆಯೂ ಆಗ ಸೇರಿದ್ದ ಮುಂಬೈ ಪ್ರಾಂತದಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜನ ಸಾಲುಸಾಲಾಗಿ ಸತ್ತರು. 1911ರಿಂದ 1921ರವರೆಗೆ ದೇಶದ ಜನಸಂಖ್ಯೆ ಏರುವ ಬದಲು ಇಳಿಯಿತು. ಅವಳಿಗೆ ಆಗ ಇಪ್ಪತ್ತು ವರ್ಷ ಇದ್ದಿರಬಹುದು.

ಹೆಳವರಲ್ಲಿ ಸಿಗದೇ ಇದ್ದದ್ದು ಉಡಕಿ ಆದ ವರ್ಷ. ಅದು ಸಿಕ್ಕಿದ್ದು ಜಮೀನಿನ ಕಾಗದದಲ್ಲಿ. ಮೊದಲನೇ ಗಂಡನ ಊರು ಈಗ ಮಹಾರಾಷ್ಟ್ರದಲ್ಲಿದೆ, ಮನೆಯಲ್ಲಿ ಮಾತು ಮಾತ್ರ ಕನ್ನಡ. ಮುಂಬೈ ಪ್ರಾಂತದಲ್ಲಿ ಜಮೀನಿನ ಹಕ್ಕುಪತ್ರದ ಕಾಯ್ದೆ ಬಂದದ್ದು 1903ರಲ್ಲಿ, ಹಾಗಾಗಿ 1918ರ ಸಾವಿನ ವಾರಸಾ ಎಲ್ಲೋ ನೋಂದಾಗಿರಲೇಬೇಕು ಅಂತ ಒಬ್ಬ ಪರಿಚಯದ ವಕೀಲರು ಹೇಳಿದ್ದರು. ಯಾವ ಕಚೇರಿ ಅಂತ ಹೇಳಲ್ಲ, ನಾಲ್ಕು ಸಲ ಓಡಾಡಿಸಿದರು. ಒಂದು ಸಲ ಕಪಾಟಿನ ಬೀಗದ ಕೈ ಇದ್ದವರು ರಜೆ. ಇನ್ನೊಂದು ಸಲ ಪುಸ್ತಕ ಸಿಕ್ಕಿತು, ನಕಲು ಕೊಡುವ ಕಾಗದ ಇಲ್ಲ. ಕೊನೆಗೆ ಕೈಗೆ ಬಂದ ಫೇರಫಾರಿನ, ಅಂದರೆ ಜಮೀನಿನ ಹಕ್ಕು ಬದಲಾದದ್ದನ್ನು ಬರೆಯುವ ಪುಸ್ತಕದ, ನಕಲು ಮೋಡಿ ಲಿಪಿಯಲ್ಲಿತ್ತು. ಮರಾಠಿಯನ್ನು ಹಿಂದೆ ಬರೆಯುತ್ತಿದ್ದ ಲಿಪಿ ಅದು. ಗೆರೆಗೆ ಜೋತುಬಿದ್ದ ಹುಣಸೆಕಾಯಿಯ ಹಾಗೆ ಅಕ್ಷರಗಳು. ನನ್ನ ಡಾಕ್ಟರ ಚೀಟಿಯ ವಿದ್ಯೆ ಅಲ್ಲಿ ನಡೆಯಲಿಲ್ಲ. ಸೊಲ್ಲಾಪುರದಲ್ಲಿ ಮೋಡಿ ಬಲ್ಲ ಒಬ್ಬ ನಿವೃತ್ತ ಮಾಸ್ತರರು ಎಂಟುನೂರು ರೂಪಾಯಿ ತಗೊಂಡು, ಭೂತಗನ್ನಡಿ ಹಿಡಿದು ಓದಿಕೊಟ್ಟರು.

ಮೊದಲ ನೋಂದು 1919ರದ್ದು. ಜಮೀನು ಮಗನ ಹೆಸರಿಗೆ. ಹೆಸರಿನ ಕೆಳಗೆ "ಅ. ಪಾ. ಕ. ಆಯಿ", ಆಮೇಲೆ ಅವಳ ಹೆಸರು. ಅಜ್ಞಾನ ಪಾಲನ ಕರ್ತಾ, ಅಂದರೆ ವಯಸ್ಸಿಗೆ ಬರದ ಮಗುವಿನ ಪಾಲಕಿ, ತಾಯಿ. ಸರ್ಕಾರದ ಕಾಗದದಲ್ಲಿ ಅವಳ ಹೆಸರು ನನಗೆ ಕಂಡದ್ದು ಇದೊಂದೇ ಕಡೆ. ಎರಡನೇ ನೋಂದು 1924ರದ್ದು. ತಾಯಿ ಪಾಟ ಮಾಡಿಕೊಂಡಿದ್ದರಿಂದ ಪಾಲಕ ಬದಲು, ಇನ್ನು ಮುಂದೆ ಚುಲತಾ, ಅಂದರೆ ಹುಡುಗನ ಕಾಕಾ. ನಾವು ಉಡಕಿ ಅನ್ನೋದಕ್ಕೇ ಮರಾಠಿಯಲ್ಲಿ ಪಾಟ ಅನ್ನುತ್ತಾರೆ. 1856ರ ವಿಧವಾ ವಿವಾಹದ ಕಾಯ್ದೆ ಮರುಮದುವೆಗೆ ಒಪ್ಪಿಗೆ ಕೊಟ್ಟಿತು, ಆದರೆ ಹಾಗೆ ಮದುವೆಯಾದವಳಿಗೆ ಸತ್ತ ಗಂಡನ ಆಸ್ತಿಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹುಡುಗ ಜಮೀನಿನ ಜೊತೆ ಅಲ್ಲೇ ಉಳಿದ. ಮಾಸ್ತರರು ಓದಿ ಮುಗಿಸಿ, ಭೂತಗನ್ನಡಿ ಕೆಳಗಿಟ್ಟು, "ಚಹಾ ತಗೋತೀರೇನ್ರಿ?" ಅಂತ ಕೇಳಿದರು.

ಸೊಲ್ಲಾಪುರದ ಕಥೆ ಅದರ ಮುಂದಿನದು. ಉಡಕಿ ಆದವರಿಗೆ ಊರಲ್ಲಿ ಹೊಲ ಸಾಲದೆ ಹೋಯಿತೋ, ಮಾತು ಕೇಳಲಾಗದೆ ಹೋಯಿತೋ, ಇಬ್ಬರೂ ಮಿಲ್ಲಿಗೆ ಹೋದರು. ಸೊಲ್ಲಾಪುರದ ಪಕ್ಕದ ಹೊಟಗಿಯಿಂದ ಗದಗಿಗೆ ರೈಲು 1880ರ ದಶಕದಲ್ಲೇ ಬಂದಿತ್ತು, ಸೊಲ್ಲಾಪುರದಲ್ಲಿ ಬಟ್ಟೆ ಮಿಲ್ಲುಗಳು ಅದಕ್ಕೂ ಮುಂಚೆಯೇ ಶುರುವಾಗಿದ್ದವು. ನಮ್ಮ ಕಡೆಯಿಂದ ಎಷ್ಟೋ ಜನ ಹಾಗೇ ಹೋದವರು. ಮಾರ್ಸಲ್ಲಾ ಬಗೆಹರಿದದ್ದೂ ಮಾಸ್ತರರ ಮನೆಯಲ್ಲೇ. ನಾನು ಮಾತಿಗೆ ಮಾತು ಬಂದು ಹೇಳಿದ್ದೇ ತಡ, ಅವರು ನಕ್ಕರು. "ಮಾರ್ಷಲ್ ಲಾ ಅಲ್ಲೇನ್ರಿ ಅದು!" 1930ರ ಮೇ ತಿಂಗಳಲ್ಲಿ ಗಾಂಧೀಜಿಯವರನ್ನು ಹಿಡಿದದ್ದಕ್ಕೆ ಸೊಲ್ಲಾಪುರ ಎದ್ದು ನಿಂತಿತು, ಬ್ರಿಟಿಷರು ಮಾರ್ಷಲ್ ಲಾ, ಅಂದರೆ ಸೈನ್ಯದ ಆಡಳಿತ, ಹಾಕಿದರು. ಮಲ್ಲಪ್ಪ ಧನಶೆಟ್ಟಿ ಮತ್ತು ಇನ್ನೂ ಮೂವರನ್ನು 1931ರ ಜನವರಿಯಲ್ಲಿ ಗಲ್ಲಿಗೇರಿಸಿದರು. ಹಾಗಾದರೆ 1930ರಲ್ಲಿ ಅವಳು ಅಲ್ಲೇ ಇದ್ದಳು, ಬಾಗಿಲು ಹಾಕಿಕೊಂಡು, ಮೂರು ವರ್ಷದ ನಮ್ಮ ಅಜ್ಜನನ್ನು ಇಟ್ಟುಕೊಂಡು. ನಮ್ಮೂರ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಜ್ಜ 1936ರಲ್ಲಿ ಸೇರಿದ್ದಿದೆ, ಹಿಂದಿನ ಶಾಲೆ ಸೊಲ್ಲಾಪುರ. ವಾಪಸ್ ಬಂದದ್ದು ಆ ಹೊತ್ತಿಗೆ. ಹತ್ತು ಮೈಲಿ ಆಚೆಯ ಊರಿನವಳು ಸೊಲ್ಲಾಪುರದಾಕಿ ಆಗಿದ್ದು ಹೀಗೆ.

ಕರೆಸುವವರಿಗೆ ನಾಲ್ಕು ಮಾತು. ದರ ಅಂತ ಇಲ್ಲ. ಕಾಕಾ ಒಂದು ಚೀಲ ಜೋಳ, ಧೋತರ, ಐದು ಸಾವಿರ ಕೊಟ್ಟರು. ಹಿಂದೆ ಎಮ್ಮೆ ಕೊಡುತ್ತಿದ್ದರಂತೆ, ಈಗಲೂ ಹೆಳವರು ಒಂದು ಸಲ ಕೊಟ್ಟಿಗೆಯ ಕಡೆ ನೋಡಿದರು. ಚೌಕಾಸಿ ಮಾಡಬೇಡಿ, ಹೆಸರು ನುಂಗಿಬಿಡುತ್ತಾರೆ ಅನ್ನೋದು ಕಾಕೂ ಭಯ. ಹೇಳುವಾಗ ನಡುವೆ ಬಾಯಿ ಹಾಕಿದರೆ ಮತ್ತೆ ಮೊದಲಿಂದ ಶುರು ಮಾಡುತ್ತಾರೆ, ನಾನು ಮಾಡಿ ಬೈಸಿಕೊಂಡಿದ್ದೇನೆ. ಗಂಡಸರ ಸಾಲು ಬೇಕಾದರೆ ನಿಮ್ಮ ಮನೆಯ ಹೆಳವರೇ ಸಾಕು. ಹೆಂಗಸರ ಸುದ್ದಿ ಬೇಕಾದರೆ ತವರೂರು ಕೇಳಿಕೊಂಡು, ಆ ಮನೆಯ ಹೆಳವರನ್ನು ಹಿಡಿಯಿರಿ. ವರ್ಷ ಬೇಕಾದರೆ ಜಮೀನಿನ ಉತಾರ (ಪಹಣಿ), ಫೇರಫಾರು ಹುಡುಕಿ. ನನ್ನ ಲೆಕ್ಕದಲ್ಲಿ ಮೊದಲನೆಯವರಿಗೆ ಐದಕ್ಕೆ ಮೂರೂವರೆ, ಎರಡನೆಯವರಿಗೆ ನಾಲ್ಕೂವರೆ. ಗಂಟಲು ಕಟ್ಟಿದ್ದಕ್ಕೆ ಅರ್ಧ ಕಡಿಮೆ ಮಾಡಿದ್ದು ಅನ್ಯಾಯವೇ, ಇರಲಿ.

ಹೋದ ತಿಂಗಳು ಹೊಳೆ ದಾಟಿ ಆ ಊರಿಗೂ ಹೋಗಿಬಂದೆ. ಅಲ್ಲಿ ಬಿಟ್ಟುಹೋದ ಹುಡುಗನ ಮೊಮ್ಮಗ ಇದ್ದಾರೆ, ಅರವತ್ತು ದಾಟಿದವರು. ಕಾಗದ ತೋರಿಸಿದೆ. ಬಹಳ ಹೊತ್ತು ನೋಡಿದರು. "ನಮ್ಮ ಅಜ್ಜಗ ಅವ್ವ ಇದ್ದಿಲ್ಲ. ಬ್ಯಾನಿ ಬಂದಾಗ ಗಂಡಾ ಹೆಂಡತಿ ಇಬ್ಬರೂ ಹೋದ್ರು ಅಂತ ನಮಗ ಹೇಳ್ತಿದ್ರು" ಅಂದರು. ಅವರ ಹೆಂಡತಿ ಒಳಗಿಂದ ಸಜ್ಜಕ ತಂದಿಟ್ಟರು. ತಿಂದು ಏಳುವ ಹೊತ್ತಿಗೆ ಅವರು ಕೇಳಿದರು, "ನಮ್ಮ ಹೆಳವರೂ ಯುಗಾದಿ ಮುಂದ ಬರ್ತಾರ್ರಿ ಅಕ್ಕಾರ. ಬರಸ್ತೀನಿ. ಯಾವ ವರ್ಷ ತೀರಕೊಂಡ್ರು?"

1971ರ ದೀಪಾವಳಿ ಅಮಾವಾಸ್ಯೆ ಅಂತ ಕಾಕಾ ಹೇಳಿದ್ದು ನೆನಪಿತ್ತು. ಹೆಳವರಿಗೆ ಇಸವಿ ಬೇಡ ಅಂತ ಮೊಬೈಲಿನಲ್ಲಿ ಪಂಚಾಂಗ ತೆಗೆದು ನೋಡಿ, ಔಷಧಿ ಬರೆಯುವ ಚೀಟಿಯ ಹಿಂದೆ "ವಿರೋಧಿಕೃತು ಸಂವತ್ಸರ" ಅಂತ ಬಿಡಿಸಿ ಬರೆದು, ಕೆಳಗೆ ಅವಳ ಹೆಸರನ್ನೂ ಬರೆದು ಕೊಟ್ಟೆ.