ಪೂರ್ತಿ ಡೌನ್ ಆದ ಕಾರ್ ಬ್ಯಾಟರಿಗೆ ನೋಕೋ ಜೀನಿಯಸ್ 5 ಚಾರ್ಜರ್: ಬಳಸಿ ನೋಡಿದ್ಮೇಲೆ ಅನ್ಸಿದ್ದು

ಬ್ಯಾಟರಿ ಪೂರ್ತಿ ಡೌನ್, ಚಾರ್ಜಿಗೆ ಹಾಕಿದ್ರೂ ಹತ್ತುತ್ತಿಲ್ಲ ಅಂತ ಹೋದ್ರೆ ಬ್ಯಾಟರಿ ಅಂಗಡಿಯವ್ರು ಸಾಮಾನ್ಯವಾಗಿ ಹೇಳೋದು ಒಂದೇ ಮಾತು, ಹೋಗಿದೆ ಸಾರ್ ಹೊಸದು ಹಾಕ್ಸ್ಬಿಡಿ. ಆ ಮಾತು ಕೇಳಿ ತಕ್ಷಣ ದುಡ್ಡು ಬಿಚ್ಬೇಡಿ, ಯಾಕಂದ್ರೆ ಎಷ್ಟೋ ಸಲ ಬ್ಯಾಟರಿಯಲ್ಲಿ ಇನ್ನೂ ಜೀವ ಇರುತ್ತೆ, ಚಾರ್ಜರ್ರೇ ಕೆಲ್ಸ ಶುರು ಮಾಡೋಕೆ ಒಪ್ಪಲ್ಲ. ಈ ನೋಕೋ ಜೀನಿಯಸ್ 5 ಬಗ್ಗೆ ಬರೀತಿರೋದೇ ಅದಕ್ಕೆ, ಇದು ಒಪ್ಕೊಳ್ಳುತ್ತೆ.

ನಮ್ಮದು ಮೈಸೂರಲ್ಲಿರೋ ಸಣ್ಣ ಪೆಟ್ರೋಲ್ ಕಾರು, 35 ಆಂಪಿಯರ್ ಅವರ್ ಬ್ಯಾಟರಿ (ಅಂದ್ರೆ 1 ಆಂಪಿಯರ್ ಎಳೆದ್ರೆ ಸುಮಾರು 35 ಗಂಟೆ ಬರೋದು), ಹಾಕ್ಸಿ ಎರಡು ವರ್ಷಾನೂ ಆಗಿರ್ಲಿಲ್ಲ. ಮದುವೆಗೆ ಅಂತ ಊರಿಗೆ ಹೋಗಿ ಬಂದ್ರೆ ರಿಮೋಟ್ ಕೆಲ್ಸ ಮಾಡ್ಲಿಲ್ಲ, ಕೀ ಹಾಕಿ ಬಾಗಿಲು ತೆಗೆದ್ರೆ ಡ್ಯಾಶ್ ಬೋರ್ಡಲ್ಲಿ ಒಂದು ಚುಕ್ಕೆ ಬೆಳಕೂ ಇಲ್ಲ. ವೋಲ್ಟೇಜ್ ಅಳೆಯೋ ಮಲ್ಟಿಮೀಟರ್ ಇಟ್ಟು ನೋಡಿದ್ರೆ 0.7 ವೋಲ್ಟ್! ಚೆನ್ನಾಗಿರೋ ಬ್ಯಾಟರಿ ಅಂದ್ರೆ 12.6 ಇರ್ಬೇಕು, ಒಳಗಡೆ ಆರು ಸೆಲ್ಲು, ಒಂದೊಂದಕ್ಕೆ 2.1 ಲೆಕ್ಕ. 12.2 ಅಂದ್ರೆ ಅರ್ಧ, 11.9ಕ್ಕಿಂತ ಕೆಳಗೆ ಬಂದ್ರೆ ಖಾಲಿ ಅಂತಾನೇ ಅರ್ಥ. ನಮ್ಮದು ಖಾಲಿ ಆಗಿ ಅದಕ್ಕೂ ಎಷ್ಟೋ ಕೆಳಗೆ ಹೋಗಿತ್ತು.

ಕಾರಣ ಆಮೇಲೆ ಸಿಕ್ತು, ಡಿಕ್ಕಿ ಲೈಟು. ಡಿಕ್ಕಿ ಮುಚ್ಚಿದ್ರೂ ಆಫ್ ಆಗ್ತಿರ್ಲಿಲ್ಲ, ಲಾಕ್ ಹತ್ರ ಇರೋ ಸ್ವಿಚ್ ಹೋಗಿತ್ತು. ಹೊರಗಿಂದ ಇದು ಗೊತ್ತಾಗೋದೇ ಇಲ್ಲ, ಫೋನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿ ಒಳಗಿಟ್ಟು ಮುಚ್ಚಿ ಆಮೇಲೆ ತೆಗೆದು ನೋಡಿದಾಗ ಕಾಣಿಸ್ತು, ಸ್ಪೇರ್ ವೀಲ್ ಮ್ಯಾಟು ಹಳದಿ ಬೆಳಕಲ್ಲಿ ಹಾಗೇ ಇತ್ತು. 5 ವ್ಯಾಟ್ ಬಲ್ಬು ಅಂದ್ರೆ ಸುಮಾರು 0.4 ಆಂಪಿಯರ್, 35ರ ಬ್ಯಾಟರಿಗೆ ಮೂರೂವರೆ ದಿನದಲ್ಲಿ ಕಥೆ ಮುಗೀತು. ಸುಮ್ನೆ ನಿಲ್ಲಿಸಿದ ಕಾರು ಅಲಾರಂ, ಕಂಪ್ಯೂಟರ್ ಅಂತ ಎಳೆಯೋದು 50 ಮಿಲಿ ಆಂಪಿಯರ್ ಒಳಗೇ ಇರ್ಬೇಕು, ಅಷ್ಟೇ ಆದ್ರೂ ತಿಂಗಳಿಗೆ ಇದೇ ಬ್ಯಾಟರಿ ಬರಿದಾಗುತ್ತೆ. ಹಾಗಾಗಿ ಬ್ಯಾಟರಿ ಎಬ್ಬಿಸೋದಕ್ಕಿಂತ ಮೊದ್ಲು ಅದನ್ನ ಮಲಗ್ಸಿದ್ದು ಏನು ಅಂತ ಹುಡ್ಕಿ, ಇಲ್ಲಾಂದ್ರೆ ಹೊಸ ಬ್ಯಾಟರಿ ಹಾಕಿದ್ರೂ ಅದೇ ಗತಿ.

ಹತ್ತಿರದ ಒಂದು ಗ್ಯಾರೇಜಲ್ಲಿ ಅವ್ರ ಸ್ಮಾರ್ಟ್ ಚಾರ್ಜರ್‌ಗೆ ಹಾಕಿದ್ರೆ ಕೆಂಪು ಲೈಟ್ ಬಂತು, ಬ್ಯಾಟರಿ ಬ್ಯಾಡ್ ಅಂದ್ರು. ಇಲ್ಲಿ ಆಗೋದೇನಂದ್ರೆ ಈಗಿನ ಚಾರ್ಜರ್‌ಗಳು ಮೊದ್ಲು ಕ್ಲಿಪ್ಪಿನಲ್ಲಿ ವೋಲ್ಟೇಜ್ ಇದೆಯಾ ನೋಡ್ತವೆ, ಪ್ಲಸ್ಸು ಮೈನಸ್ಸು ಸರಿ ಇದೆಯಾ, ಕ್ಲಿಪ್ಪು ಒಂದಕ್ಕೊಂದು ತಾಗಿಲ್ವಾ ಅಂತ, ಅದು ಖಾತ್ರಿ ಆಗೋವರೆಗೂ ಕರೆಂಟೇ ಬಿಡಲ್ಲ. ಬ್ಯಾಟರಿಯಲ್ಲಿ ವೋಲ್ಟೇಜೇ ಇಲ್ಲಾಂದ್ರೆ ಅದಕ್ಕೆ ಬ್ಯಾಟರಿ ಇದೆ ಅಂತಾನೇ ಗೊತ್ತಾಗಲ್ಲ. ಸೀಟೆಕ್‌ನ ಎಂಎಕ್ಸ್‌ಎಸ್ 5.0 ಒಳ್ಳೇ ಚಾರ್ಜರ್ರೇ, ಅದಕ್ಕೂ ಕನಿಷ್ಠ 2 ವೋಲ್ಟ್ ಬೇಕು. ನೋಕೋ ಮಾಮೂಲಿ ಮೋಡಲ್ಲಿ 1 ವೋಲ್ಟ್ ಇದ್ರೆ ಹಿಡ್ಕೊಳ್ಳುತ್ತೆ, ಅದಕ್ಕಿಂತ ಕೆಳಗಿದ್ರೆ ಫೋರ್ಸ್ ಮೋಡ್ ಅಂತ ಕೊಟ್ಟಿದಾರೆ, ಸೊನ್ನೆ ವೋಲ್ಟಿಂದಾನೂ ಶುರು ಮಾಡುತ್ತೆ.

ಮಾಡೋದು ಹೇಗಂದ್ರೆ ಬ್ಯಾಟರಿಯನ್ನ ಕಾರಿಂದ ಹೊರಗೆ ತೆಗೀರಿ, 10 ಎಂಎಂ ಸ್ಪ್ಯಾನರ್ ಸಾಕು, ಮೊದ್ಲು ಮೈನಸ್ ಬಿಚ್ಬೇಕು, ಹಾಕೋವಾಗ ಮೈನಸ್ ಕೊನೇಗೆ. ಟರ್ಮಿನಲ್ ಮೇಲೆ ಬಿಳಿ ನೀಲಿ ಪುಡಿ ಕೂತಿದ್ರೆ ಅಡುಗೆ ಸೋಡಾ ನೀರಲ್ಲಿ ಉಜ್ಜಿ ಒರೆಸಿ. ಆಮೇಲೆ ಕೆಂಪು ಕ್ಲಿಪ್ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ, ಒಂದಕ್ಕೆ ಎರಡು ಸಲ ನೋಡಿ, ಆಮೇಲೇ ಪ್ಲಗ್ ಹಾಕಿ ಬಟನ್ನನ್ನ 5 ಸೆಕೆಂಡ್ ಒತ್ತಿ ಹಿಡಿದು, ಆಮೇಲೆ 12 ವೋಲ್ಟ್ ಮೋಡ್ ಆರಿಸ್ಬೇಕು. ಫೋರ್ಸ್ ಮೋಡ್ 5 ನಿಮಿಷ ಓಡಿ ತಾನಾಗೇ ಮಾಮೂಲಿ ಚಾರ್ಜಿಂಗಿಗೆ ಬರುತ್ತೆ. ಆ 5 ನಿಮಿಷದಲ್ಲಿ ಕಿಡಿ ಬರದ ಹಾಗೆ, ಉಲ್ಟಾ ಹಾಕಿದ್ರೆ ತಡೆಯೋ ಹಾಗೆ ಇರೋ ರಕ್ಷಣೆ ಎಲ್ಲ ಬಂದ್, ಅದಕ್ಕೇ ಕ್ಲಿಪ್ ಮುಟ್ಟೋದಾಗ್ಲಿ ಅಲ್ಲಾಡ್ಸೋದಾಗ್ಲಿ ಬೇಡವೇ ಬೇಡ. ಚಾರ್ಜ್ ಆಗೋವಾಗ ಹೈಡ್ರೋಜನ್ ಬರುತ್ತೆ, ಗಾಳಿಯಲ್ಲಿ 4 ಪರ್ಸೆಂಟ್ ಸೇರಿದ್ರೆ ಸಾಕು ಹೊತ್ಕೊಳ್ಳೋಕೆ, ಆದ್ದರಿಂದ ಅಡುಗೆಮನೆ ದೇವರಮನೆ ಹತ್ರ ಇಡ್ಬೇಡಿ, ವರಾಂಡದಲ್ಲೋ ಪೋರ್ಟಿಕೋದಲ್ಲೋ ಇಡಿ, ಮಕ್ಕಳನ್ನ ದೂರ ಇಟ್ಕೊಳ್ಳಿ.

ನಾನು ಮೀಟರ್ ಹಿಡ್ಕೊಂಡೇ ಕೂತಿದ್ದೆ. ನೋಡೋಕೆ ತುಂಬ ಚೆನ್ನಾಗಿತ್ತು ಅದು, ಫೋರ್ಸ್ ಶುರುವಾದ ತಕ್ಷಣ ವೋಲ್ಟೇಜ್ ಜಿಗಿದು 14ರ ಹತ್ರ ಹೋಗಿ ನಿಂತ್ಬಿಡ್ತು, ಆದ್ರೆ ಬ್ಯಾಟರಿ ಒಳಗೆ ಕರೆಂಟು ಹೋಗ್ತಾನೇ ಇರ್ಲಿಲ್ಲ. ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಕೂತಿರುತ್ತೆ, ಆಸಿಡ್ಡು ಹೆಚ್ಚುಕಮ್ಮಿ ನೀರೇ ಆಗಿರುತ್ತೆ, ರೆಸಿಸ್ಟೆನ್ಸ್ ಜಾಸ್ತಿ, ಅದಕ್ಕೇ ಹಾಗೆ. ಸ್ವಲ್ಪ ಹೊತ್ತಾದ್ಮೇಲೆ ವೋಲ್ಟೇಜ್ ಇಳೀತಾ ಇಳೀತಾ 11ಕ್ಕೆ ಬಂತು, ಅಲ್ಲಿಂದ ನಿಧಾನಕ್ಕೆ ಮತ್ತೆ ಏರೋಕೆ ಶುರುವಾಯ್ತು. ಆ ಇಳಿಯೋದೇ ಒಳ್ಳೇ ಲಕ್ಷಣ, ಬ್ಯಾಟರಿ ಕರೆಂಟ್ ಕುಡಿಯೋಕೆ ಶುರು ಮಾಡಿದೆ ಅಂತ. ಮಾಮೂಲಿ ಮೋಡಿಗೆ ಬಂದ್ಮೇಲೆ ಒಂದ್ಸಲ ನಿಂತೋಯ್ತು, ಮತ್ತೆ ಫೋರ್ಸ್ ಕೊಟ್ಟೆ, ಆಮೇಲೆ ತಾನೇ ನಡ್ಕೊಂಡು ಹೋಯ್ತು. 5 ಆಂಪಿಯರ್ ಚಾರ್ಜರ್ ಆದ್ರಿಂದ ರಾತ್ರಿ ಪೂರ್ತಿ ಬೇಕು, ಅವಸರ ಮಾಡ್ಬಾರ್ದು. ಮಧ್ಯ ಕರೆಂಟ್ ಹೋಗಿ ಬಂತು, ಹೋಗಿ ನೋಡಿದ್ರೆ ತಾನೇ 12 ವೋಲ್ಟ್ ಮೋಡಲ್ಲಿ ಮುಂದುವರ್ಸಿತ್ತು, ನಮ್ಮ ಕಡೆಗೆ ಇದು ಬೇಕೇ ಬೇಕಾದ ಗುಣ.

ಬೆಳಗ್ಗೆ ಹಸಿರು ಲೈಟ್. ಅಷ್ಟಕ್ಕೇ ಖುಷಿಪಡಬಾರ್ದು, ಚಾರ್ಜರ್ ಬಿಚ್ಚಿ ಅರ್ಧ ದಿನ ಸುಮ್ನೆ ಬಿಟ್ಟು ನೋಡಿದ್ರೆ 12.5 ನಿಂತಿತ್ತು. ಕಾರಿಗೆ ಹಾಕಿ ಸ್ಟಾರ್ಟ್ ಹೊಡೆಯೋವಾಗ ಮೀಟರ್ 10.4ಕ್ಕೆ ಇಳಿದು ಮೇಲೆ ಬಂತು, 9.6ಕ್ಕಿಂತ ಕೆಳಗೆ ಇಳಿದಿದ್ರೆ ನಂಬೋ ಹಾಗಿರ್ಲಿಲ್ಲ. ಆದ್ರೂ ಮೊದ್ಲಿನಷ್ಟೇ ಇದೆ ಅಂತ ಹೇಳಲ್ಲ, ಇಂಜಿನ್ ಆಫ್ ಮಾಡಿ ಹಾಡು ಹಾಕಿದ್ರೆ ವೋಲ್ಟೇಜ್ ಮುಂಚೆಗಿಂತ ಬೇಗ ಇಳಿಯುತ್ತೆ. ಅಷ್ಟು ಆಳಕ್ಕೆ ಇಳಿದ ಬ್ಯಾಟರಿ ಸ್ವಲ್ಪ ಕಳ್ಕೊಂಡೇ ಬರುತ್ತೆ, ಯಾವ ಚಾರ್ಜರ್ರೂ ಅದನ್ನ ಪೂರ್ತಿ ವಾಪಸ್ ಕೊಡಲ್ಲ.

ಇನ್ನು ಹಳೇ ಬ್ಯಾಟರಿ ಸರಿಮಾಡೋಕೆ ಅಂತ ಇದರಲ್ಲಿರೋ ರಿಪೇರ್ ಮೋಡ್ ಬಗ್ಗೆ, ಇಲ್ಲಿ ನನಗೆ ಕಂಪ್ಲೇಂಟ್ ಇದೆ. ಡಬ್ಬದ ಮೇಲಿನ ಮಾತು ಓದಿದ್ರೆ ಹಳೇ ಬ್ಯಾಟರಿ ಎಲ್ಲ ಹೊಸದಾಗ್ಬಿಡುತ್ತೆ ಅನ್ಸುತ್ತೆ. 16.5 ವೋಲ್ಟ್‌ವರೆಗೂ ಏರ್ಸಿ 1.5 ಆಂಪಿಯರ್ ಬಿಡುತ್ತೆ, ಹೆಚ್ಚಂದ್ರೆ 4 ಗಂಟೆ. ಕಾರಲ್ಲಿ ಕನೆಕ್ಷನ್ ಇರೋವಾಗ ಇದನ್ನ ಹಾಕಲೇಬಾರ್ದು, ಅಷ್ಟು ವೋಲ್ಟೇಜಿಗೆ ಕಾರಿನ ಎಲೆಕ್ಟ್ರಾನಿಕ್ಸ್ ಹೋಗುತ್ತೆ. ನಮ್ಮ ಮಾವನ ಹಳೇ ಬ್ಯಾಟರಿ, ಆರು ವರ್ಷದ್ದು, ಅದಕ್ಕೂ ಹಾಕಿ ನೋಡಿದ್ವಿ. ಚಾರ್ಜ್ ಆಗುತ್ತೆ, ಬಿಚ್ಚಿದ್ರೆ 10.5ಕ್ಕೆ ಬಂದು ನಿಲ್ಲುತ್ತೆ. 12.6ರಲ್ಲಿ ಸರಿಯಾಗಿ 2.1 ಕಮ್ಮಿ, ಅಂದ್ರೆ ಒಂದು ಸೆಲ್ ಹೋಗಿದೆ. ಮುಚ್ಚಳ ಬಿಚ್ಚೋ ಥರದ ಬ್ಯಾಟರಿ ಆಗಿದ್ರಿಂದ ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಹೈಡ್ರೋಮೀಟರ್ ಹಾಕಿದ್ವಿ, ಐದು ಸೆಲ್ಲು 1.250ರ ಆಸುಪಾಸು, ತುದಿಯದು ಮಾತ್ರ 1.100, ಚಾರ್ಜ್ ಹಾಕಿದಾಗ ಆ ಕಡೆ ಗೋಡೆ ಮಾತ್ರ ಬಿಸಿ ಆಗ್ತಿತ್ತು. ಒಳಗೆ ಶಾರ್ಟ್ ಆದ ಸೆಲ್ಲಿಗೆ ರಿಪೇರ್ ಮೋಡಾಗ್ಲಿ ಇನ್ನೊಂದಾಗ್ಲಿ ಏನೂ ಮಾಡೋಕಾಗಲ್ಲ. ಬ್ಯಾಟರಿ ಹೊಟ್ಟೆ ಉಬ್ಬಿದ್ರೆ, ಕೊಳೆತ ಮೊಟ್ಟೆ ವಾಸನೆ ಬಂದ್ರೆ, ಸೋರ್ತಾ ಇದ್ರೆ ಅದಕ್ಕೆ ಚಾರ್ಜರ್ ಹಾಕೋ ಸಾಹಸವೇ ಬೇಡ, ಎಕ್ಸ್‌ಚೇಂಜಿಗೆ ಕೊಡಿ, ಸೀಸಕ್ಕೆ ಬೆಲೆ ಇದೆ, ಹೊಸದರಲ್ಲಿ ಕಳೀತಾರೆ. ಆಸಿಡ್ಡನ್ನ ಮೋರಿಗೆ ಚೆಲ್ಲಿ ಸೀಸ ಕರಗಿಸೋರ ಕೈಗೆ ಮಾತ್ರ ಹಾಕ್ಬೇಡಿ ದಯವಿಟ್ಟು.

ಚಾರ್ಜರ್‌ನ ಇತರ ಕೊರತೆ ಅಂದ್ರೆ ಇದರಲ್ಲಿ ವೋಲ್ಟೇಜ್ ತೋರ್ಸೋ ಡಿಸ್‌ಪ್ಲೇ ಇಲ್ಲ, ಬರೀ ಲೈಟು, ಮಲ್ಟಿಮೀಟರ್ ಇಲ್ದೇ ಇದ್ರೆ ಕತ್ತಲಲ್ಲಿ ಕೆಲ್ಸ ಮಾಡಿದ ಹಾಗೆ. ಒಂದು ಸಾಧಾರಣ ಮೀಟರ್ ತಗೊಂಡು ಇಟ್ಕೊಳ್ಳಿ, ಚಾರ್ಜರ್‌ಗಿಂತ ಮೊದ್ಲು ಬೇಕಾದ್ದು ಅದೇ. ಬೆಲೆ ನಮ್ಮಲ್ಲಿ ಇಂಪೋರ್ಟ್ ಆದ್ರಿಂದ ಜಾಸ್ತಿ, ಸಣ್ಣ ಕಾರಿನ ಹೊಸ ಬ್ಯಾಟರಿಗಿಂತ ಮೇಲೇ ಹೋಗುತ್ತೆ. ಹಾಗಾಗಿ ಒಂದು ಕಾರು, ಒಂದ್ಸಲ ಡೌನ್ ಆಗಿದೆ ಅನ್ನೋರು ಇದನ್ನ ತಗೋಬೇಡಿ ಅಂತಾನೇ ಹೇಳ್ತೀನಿ. ನಿಮ್ಮ ಹತ್ರ ಇರೋ ಮಾಮೂಲಿ ಸ್ಮಾರ್ಟ್ ಚಾರ್ಜರ್‌ಗೇ ದಾರಿ ಇದೆ: ಚೆನ್ನಾಗಿರೋ ಇನ್ನೊಂದು 12 ವೋಲ್ಟ್ ಬ್ಯಾಟರಿಯನ್ನ ಜಂಪರ್ ಕೇಬಲ್ಲಲ್ಲಿ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರ್ಸಿ ಚಾರ್ಜರ್ ಹಾಕಿ, ಅದಕ್ಕೆ ವೋಲ್ಟೇಜ್ ಕಾಣಿಸುತ್ತೆ, ಶುರು ಮಾಡುತ್ತೆ. ಪಕ್ಕದಲ್ಲೇ ನಿಂತು ಬ್ಯಾಟರಿ ಬಿಸಿ ಆಗ್ತಿದೆಯಾ ಮುಟ್ಟಿ ನೋಡ್ತಿರಿ, ಸ್ವಲ್ಪ ಹೊತ್ತಾದ್ಮೇಲೆ ಚಾರ್ಜರ್ ಆಫ್ ಮಾಡಿ ಒಳ್ಳೇದನ್ನ ಬಿಚ್ಚಿ ನೋಡಿ, ಡೌನ್ ಆದದ್ದು ತಾನೊಂದೇ 10.5ರ ಮೇಲೆ ನಿಂತಿದ್ರೆ ಸಾಕು. ಯಾರಾದ್ರೂ ಜಂಪ್ ಸ್ಟಾರ್ಟ್ ಮಾಡಿ ಒಂದು ರೌಂಡ್ ಹೊಡ್ಕೊಂಡ್ ಬನ್ನಿ ಸರಿಹೋಗುತ್ತೆ ಅಂದ್ರೆ ಕೇಳ್ಬೇಡಿ, ಇಂಜಿನ್ ಓಡೋವಾಗ ಕರೆಂಟ್ ಕೊಡೋ ಆಲ್ಟರ್ನೇಟರ್ ಇರೋದು ಚಾರ್ಜನ್ನ ಕಾಪಾಡೋಕೆ, ಪೂರ್ತಿ ಖಾಲಿ ಆಗಿದ್ದನ್ನ ತುಂಬ್ಸೋಕೆ ಅಲ್ಲ, ಅದೂ ಬಿಸಿಯಾಗುತ್ತೆ, ಸಿಟಿಯ ಸಣ್ಣ ಓಡಾಟದಲ್ಲಿ ಬ್ಯಾಟರಿ ತುಂಬೋದೂ ಇಲ್ಲ.

ಯಾರು ತಗೋಬೇಕು ಅಂದ್ರೆ ಮನೇಲಿ ಎರಡು ಮೂರು ಗಾಡಿ ಇದ್ದು ಒಂದೊಂದನ್ನ ವಾರಗಟ್ಟಲೆ ನಿಲ್ಲಿಸೋರು, ಊರಲ್ಲಿ ಕಾರ್ ಬಿಟ್ಟು ವಿದೇಶದಲ್ಲಿರೋರ ಅಪ್ಪ ಅಮ್ಮ, ಹಳೇ ಗಾಡಿ ಪ್ರೀತಿಯಿಂದ ಇಟ್ಕೊಂಡಿರೋರು. 6 ವೋಲ್ಟಿಗೂ ಆಗುತ್ತೆ, ಹಳೇ ಬೈಕು ಇಟ್ಕೊಂಡೋರಿಗೆ ಉಪಯೋಗ. ಅಮೆರಿಕಾದಿಂದ ಬರೋರ ಹತ್ರ ತರ್ಸೋದಾದ್ರೆ ಇನ್‌ಪುಟ್ 120ರಿಂದ 240 ವೋಲ್ಟ್ ಅಂತ ಚಾರ್ಜರ್ ಮೇಲೆ ಬರೆದಿದೆಯಾ ನೋಡ್ಸಿ, ಇದ್ರೆ ಟ್ರಾನ್ಸ್‌ಫಾರ್ಮರ್ ಬೇಡ, ಚಪ್ಪಟೆ ಪಿನ್ನಿಗೆ ಒಂದು ಗಟ್ಟಿಮುಟ್ಟಾದ ಅಡಾಪ್ಟರ್ ಸಾಕು.