ಕಪ್ ಲೆಕ್ಕ ಬಿಡಿಸಿದ ಡಿಜಿಟಲ್ ತಕ್ಕಡಿ: ವರ್ಷಗಳ ಬಳಕೆಯ ನಂತರ

ಇದು 5 ಕೆಜಿವರೆಗೆ ತೂಗುವ, 1 ಗ್ರಾಂ ಲೆಕ್ಕದಲ್ಲಿ ತೋರಿಸುವ ಮಾಮೂಲಿ ಅಡುಗೆಮನೆ ತಕ್ಕಡಿ. ಕೆಲವು ವರ್ಷಗಳಿಂದ ನನ್ನ ಹತ್ತಿರ ಇದಕ್ಕೆ ಇರುವುದು ಒಂದೇ ಮುಖ್ಯ ಕೆಲಸ: ಕಪ್ಪಿನಲ್ಲಿ ಬರೆದ ಕೇಕ್, ಬ್ರೆಡ್ ರೆಸಿಪಿಗಳನ್ನು ಗ್ರಾಂಗೆ ತಂದುಕೊಳ್ಳುವುದು.

ಇದರ ಬೆಲೆ ಗೊತ್ತಾಗುವುದು ಮೈದಾ ತೂಗುವಾಗ. ಖಾಲಿ ಕಪ್ ಇಟ್ಟು ಟೇರ್ (ಮೇಲಿರುವ ತೂಕವನ್ನು ಸೊನ್ನೆ ಮಾಡುವ ಬಟನ್) ಒತ್ತಿ. ಚಮಚದಿಂದ ಹಗುರಾಗಿ ಮೈದಾ ಉದುರಿಸಿ ತುಂಬಿ, ಚಾಕುವಿನ ಬೆನ್ನಿನಿಂದ ಸವರಿ. ಸುಮಾರು 120-125 ಗ್ರಾಂ ಬರುತ್ತದೆ. ಅದೇ ಕಪ್ಪನ್ನು ಡಬ್ಬಿಗೇ ಅದ್ದಿ ತೆಗೆದರೆ ಸುಲಭವಾಗಿ 140 ಆಗುತ್ತದೆ. ಒತ್ತಿ ತುಂಬಿದರೆ ಇನ್ನೂ ಜಾಸ್ತಿ. ಮೂರು ಕಪ್ ಹಿಟ್ಟಿನ ಬ್ರೆಡ್‌ಗೆ ಅರ್ಧ ಕಪ್ ಹಿಟ್ಟು ಸುಮ್ನೆ ಸೇರಿಬಿಡುತ್ತದೆ. ಆಮೇಲೆ ಬ್ರೆಡ್ ಗಟ್ಟಿಯಾಯಿತು ಅಂತ ಓವನ್‌ಗೆ ಬೈಯುತ್ತೇವೆ, ಅಲ್ವಾ?

ಆದರೆ ತಕ್ಕಡಿ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಉಳಿದರ್ಧ ಪಟ್ಟಿಯದು. ನನ್ನ ಪಟ್ಟಿಯಲ್ಲಿ ಒಂದು ಕಪ್ ಸಕ್ಕರೆ 200 ಗ್ರಾಂ, ಬೆಣ್ಣೆ 227, ಜೇನುತುಪ್ಪ 340. ಇವು ಅಮೆರಿಕದ ಸುಮಾರು 237 ಮಿಲಿ ಕಪ್ಪಿನ ಲೆಕ್ಕ. ಆಸ್ಟ್ರೇಲಿಯಾದ ಕಪ್ 250 ಮಿಲಿ, ಜಪಾನಿನದು 200. ಅಲ್ಲಿನ ರೆಸಿಪಿಗೆ ಇದೇ ಪಟ್ಟಿ ಹಿಡಿದರೆ ಎಲ್ಲ ತಾಳ ತಪ್ಪುತ್ತದೆ. ಹಾಗಾಗಿ ಪಟ್ಟಿಗಿಂತ ಮೊದಲು ರೆಸಿಪಿ ಯಾವ ಕಡೆಯದು ಅಂತ ನೋಡಬೇಕು. ಮೈದಾಗೆ ಕೆಲವರು 120 ಅನ್ನುತ್ತಾರೆ, ಕೆಲವರು 140. ಬರೆದವರೇ ಗ್ರಾಂ ಕೊಟ್ಟಿದ್ದರೆ ಅದೇ ಕೊನೆಯ ಮಾತು.

ನನಗೆ ಸಿಟ್ಟು ಬರಿಸುವುದು ಇದರ ಮಿಲಿ ಬಟನ್. ಅದು ಏನನ್ನೂ ಅಳೆಯುವುದಿಲ್ಲ. ತಟ್ಟೆಯ ಮೇಲಿರುವುದು ನೀರು ಅಂದುಕೊಂಡು ಗ್ರಾಂ ಸಂಖ್ಯೆಯನ್ನೇ ಮಿಲಿ ಅಂತ ತೋರಿಸುತ್ತದೆ. ಜೇನುತುಪ್ಪ ಸುರಿದು 240 ಮಿಲಿ ಕಂಡಿತು ಅಂದರೆ ಬಟ್ಟಲಲ್ಲಿ ಇರುವುದು ಸುಮಾರು 170 ಮಿಲಿ ಮಾತ್ರ. ಕೆಲವು ತಕ್ಕಡಿಗಳಲ್ಲಿ ಹಾಲಿಗೆ ಬೇರೆ ಬಟನ್ ಇರುತ್ತದೆ, ಇದರಲ್ಲಿ ಅದೂ ಇಲ್ಲ. ನಾನು ಆ ಬಟನ್ ಮುಟ್ಟುವುದನ್ನೇ ಬಿಟ್ಟಿದ್ದೇನೆ.

ಟೇರ್ ಬಟನ್ ಮಾತ್ರ ಚಿನ್ನ. ಜೇನುತುಪ್ಪದ ಬಾಟಲಿಯನ್ನೇ ತಕ್ಕಡಿ ಮೇಲೆ ಇಟ್ಟು ಸೊನ್ನೆ ಮಾಡಿ. ಬಾಟಲಿ ಎತ್ತಿ ಸುರಿದು, ಮತ್ತೆ ಇಡಿ. ಮೈನಸ್ 85 ತೋರಿಸಿದರೆ ಕಾಲು ಕಪ್ ಹೋಯಿತು ಅಂತ. ಅಂಟಿಕೊಂಡ ಕಪ್ ಕೆರೆಯುವ ಗೋಳಿಲ್ಲ, ತೊಳೆಯುವ ಪಾತ್ರೆಯೂ ಒಂದು ಕಡಿಮೆ.

ಚಿಕ್ಕ ಅಳತೆಗೆ ಇದು ಕೈ ಕೊಡುತ್ತದೆ. ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್ ಬರೀ 3 ಗ್ರಾಂ. ಚಿಟಿಕೆ ಚಿಟಿಕೆಯಾಗಿ ಹಾಕಿದರೆ ತಕ್ಕಡಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸೊನ್ನೆಯಲ್ಲೇ ಕೂರುತ್ತದೆ. ಯೀಸ್ಟ್, ಸೋಡಾ, ಬೇಕಿಂಗ್ ಪೌಡರ್‌ಗೆ ಚಮಚವೇ ವಾಸಿ. ಗ್ರಾಂನಲ್ಲೇ ಬೇಕು ಅಂದರೆ 0.1 ಗ್ರಾಂ ತೋರಿಸುವ ಇನ್ನೊಂದು ಪುಟ್ಟ ತಕ್ಕಡಿ ಇಟ್ಟುಕೊಳ್ಳಬೇಕು.

ಇನ್ನೊಂದು ಕಿರಿಕಿರಿ, ತಾನೇ ಆಫ್ ಆಗುವುದು. ಮೊಟ್ಟೆ ಒಡೆದು ಬರುವಷ್ಟರಲ್ಲಿ ಪರದೆ ಖಾಲಿ, ಅಲ್ಲಿವರೆಗಿನ ಲೆಕ್ಕವೂ ಹೋಯಿತು. ಅದಕ್ಕೇ ಬಟ್ಟಲಿನ ತೂಕವನ್ನು ಅದರ ತಳದಲ್ಲೇ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಎಲ್ಲಿದ್ದೆವೋ ಅಲ್ಲಿಂದಲೇ ಮುಂದುವರಿಯಬಹುದು. ದೊಡ್ಡ ಬಟ್ಟಲು ಇಟ್ಟರೆ ಪರದೆಯೂ ಕಾಣುವುದಿಲ್ಲ, ಬಗ್ಗಿ ನೋಡಬೇಕು. ಬ್ಯಾಟರಿ ಸೋತಾಗ ಅಂಕಿ ಕುಣಿಯಲು ಶುರುವಾಗುತ್ತದೆ. ಆಗ ತೂಗುವುದನ್ನು ನಿಲ್ಲಿಸಿ ಬ್ಯಾಟರಿ ಬದಲಿಸಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನದನ್ನು ಕೊಳ್ಳುವಾಗ ಆಫ್ ಆಗುವ ಸಮಯ ಬದಲಿಸಲು ಬರುತ್ತದೆಯೇ ಅಂತ ಮೊದಲು ನೋಡುತ್ತೇನೆ, ಮಿಲಿ ಬಟನ್ ಇದೆಯೋ ಇಲ್ಲವೋ ಅಂತ ಕೇಳುವುದೂ ಇಲ್ಲ.