ಡ್ರಾಂಟಲ್ ಪಪ್ಪಿ: ಮಗುವಿರುವ ಮನೆಗೆ ನಾಯಿಮರಿ ಬಂದಾಗ ಬೇಕಾದ ಜಂತಿನ ಔಷಧಿ

ನಾಯಿಮರಿ ತಂದವರೆಲ್ಲ ಮೊದಲು ವಿಚಾರಿಸುವುದು ಲಸಿಕೆಯನ್ನು. ಆದರೆ ಲಸಿಕೆ ಶುರುವಾಗುವುದು ಆರೆಂಟು ವಾರಕ್ಕೆ, ಜಂತಿನ ಔಷಧಿ ಬೀಳಬೇಕಾದದ್ದು ಎರಡನೇ ವಾರಕ್ಕೇ. ಟಾಕ್ಸೊಕಾರ ಕೆನಿಸ್ ಎಂಬ ದುಂಡುಹುಳು ಮರಿಗೆ ತಾಯಿಯ ಗರ್ಭದಲ್ಲೇ ಅಂಟುತ್ತದೆ. ತಾಯಿಯ ಮಾಂಸಖಂಡಗಳಲ್ಲಿ ಸುಮ್ಮನೆ ಅಡಗಿದ್ದ ಲಾರ್ವಾಗಳು (ಎಳೆಹುಳುಗಳು) ಗರ್ಭದ ಕೊನೆಯ ಮೂರು ವಾರಗಳಲ್ಲಿ ಎಚ್ಚೆತ್ತು ಮರಿಗಳ ಮೈ ಸೇರುತ್ತವೆ, ಇನ್ನಷ್ಟು ಹಾಲಿನ ಜೊತೆ ಹೋಗುತ್ತವೆ. ಮರಿಗೆ ಮೂರ್ನಾಲ್ಕು ವಾರ ತುಂಬುವಷ್ಟರಲ್ಲಿ ಅದರ ಕರುಳಿನಲ್ಲಿ ಬಲಿತ ಹುಳುಗಳು ಮೊಟ್ಟೆ ಇಡುತ್ತಿರುತ್ತವೆ.

ಈ ವಯಸ್ಸಿಗೆ ಡ್ರಾಂಟಲ್ ಪಪ್ಪಿ ಒಳ್ಳೆಯ ಆಯ್ಕೆ. ಮೊದಲು ಬೇಯರ್ ಕಂಪನಿಯದಾಗಿದ್ದ ಇದು ಭಾರತದಲ್ಲಿ 2020ರಿಂದ ಎಲಾಂಕೊ ಕೈಯಲ್ಲಿದೆ. ಪ್ರತಿ ಮಿಲೀಯಲ್ಲಿ 15 ಮಿಗ್ರಾಂ ಫೆಬಾಂಟೆಲ್, 14.4 ಮಿಗ್ರಾಂ ಪೈರಾಂಟೆಲ್ ಎಂಬೊನೇಟ್ ಇವೆ. ಪೈರಾಂಟೆಲ್ ಹುಳುವನ್ನು ಸೆಟೆಯುವಂತೆ ಮಾಡಿ ಹೊರಗೆ ದೂಡುತ್ತದೆ, ಹೀಗಾಗಿ ಮರುದಿನ ಮಲದಲ್ಲಿ ಶಾವಿಗೆಯಂಥ ಬಿಳಿ ಹುಳುಗಳು ಕೆಲವೊಮ್ಮೆ ಜೀವಂತವಾಗಿಯೇ ಕಾಣಿಸುತ್ತವೆ. ಗಾಬರಿ ಬೇಡ, ಔಷಧಿ ಕೆಲಸ ಮಾಡಿದೆ ಎಂದೇ ಅರ್ಥ.

ಪ್ರಮಾಣ ಕೆಜಿಗೆ 1 ಮಿಲೀ. ಅಂದಾಜಿನ ತೂಕ ನಂಬಬೇಡಿ. ಹುಳು ತುಂಬಿದ ಮರಿಯ ಹೊಟ್ಟೆ ಮಡಕೆಯಂತೆ ಉಬ್ಬಿರುತ್ತದೆ, ಕಣ್ಣಳತೆ ತಪ್ಪುತ್ತದೆ. ತಕ್ಕಡಿಯ ಮೇಲೆ ಪಾತ್ರೆ ಇಟ್ಟು ಅದರೊಳಗೆ ಮರಿಯನ್ನು ಕೂರಿಸಿ ತೂಗಿ. 800 ಗ್ರಾಂ ಇದ್ದರೆ 0.8 ಮಿಲೀ, ಅದಕ್ಕೆ 5 ಮಿಲೀ ಸಿರಿಂಜ್ ಬೇಡ, ಸೂಜಿ ತೆಗೆದ 1 ಮಿಲೀ ಸಿರಿಂಜ್ ಸಾಕು. ಬಾಟಲಿಯನ್ನು ಚೆನ್ನಾಗಿ ಕುಲುಕಿ. ಔಷಧಿ ತಳದಲ್ಲಿ ಕೂತಿರುತ್ತದೆ. ಕುಲುಕದೆ ಎಳೆದರೆ ಮೊದಲ ಮರಿಗೆ ಬರೀ ನೀರು, ಕೊನೆಯ ಮರಿಗೆ ಗಟ್ಟಿ ಮಡ್ಡಿ. ಸಿರಿಂಜನ್ನು ಕೆನ್ನೆಯ ಪಕ್ಕದಿಂದ ಒಳಗಿಟ್ಟು ನಿಧಾನವಾಗಿ ಒತ್ತಿ, ಗಂಟಲಿಗೆ ನೇರ ಹಾಯಿಸಿದರೆ ಶ್ವಾಸಕೋಶಕ್ಕೆ ಇಳಿದೀತು.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಸಲ ಹಾಕಿ ಮುಗಿಯಿತು ಅಂದುಕೊಳ್ಳುತ್ತಾರೆ. ಔಷಧಿ ಕೊಲ್ಲುವುದು ಆ ದಿನ ಕರುಳಿನಲ್ಲಿರುವ ಹುಳುವನ್ನು. ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ಇನ್ನೂ ಪಯಣದಲ್ಲಿರುವ ಲಾರ್ವಾ ನಾಳೆ ಬಂದು ಸೇರುತ್ತದೆ. ಅದಕ್ಕೇ ಎರಡು ವಾರಕ್ಕೊಮ್ಮೆಯಂತೆ 12 ವಾರದವರೆಗೆ ಹಾಕಬೇಕು. ಹಾಗೆ ಮಾಡಿದರೆ ಹೊಸ ಹುಳು ಮೊಟ್ಟೆ ಇಡುವಷ್ಟು ಬಲಿಯುವುದೇ ಇಲ್ಲ. ತಾಯಿಗೂ ಅದೇ ದಿನ ಔಷಧಿ ಕೊಡಿ. ಮರಿಗಳನ್ನು ನೆಕ್ಕಿ ಶುಚಿ ಮಾಡುವಾಗ ಅವುಗಳ ಮಲದ ಜೊತೆ ಹೊರಬಂದ ಎಳೆಹುಳುಗಳೂ ಅವಳ ಬಾಯಿಗೇ ಹೋಗುತ್ತವೆ.

ಕೊರತೆಯೂ ಇದೆ: ಇದರಲ್ಲಿ ಪ್ರಾಜಿಕ್ವಾಂಟೆಲ್ ಇಲ್ಲ, ಚಿಗಟದಿಂದ ಬರುವ ಲಾಡಿಹುಳು ಸಾಯುವುದಿಲ್ಲ. ಮರಿ ಬೆಳೆದ ಮೇಲೆ ಡ್ರಾಂಟಲ್ ಪ್ಲಸ್ ಮಾತ್ರೆಗೆ ಬದಲಾಯಿಸಿ, 10 ಕೆಜಿಗೆ ಒಂದು, ಮೂರು ತಿಂಗಳಿಗೊಮ್ಮೆ. ಪೈಪರಜಿನ್ ಎಂಬ ಇನ್ನೊಂದು ಜಂತಿನ ಔಷಧಿಯ ಜೊತೆ ಈ ಎರಡರಲ್ಲಿ ಯಾವುದನ್ನೂ ಕೊಡಬೇಡಿ, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಗಬ್ಬದ ನಾಯಿಗೆ ಪಶುವೈದ್ಯರನ್ನು ಕೇಳದೆ ಹಾಕಲೇಬೇಡಿ. ಮಕ್ಕಳ ಜಂತಿಗೆಂದು ತಂದು ಮನೆಯಲ್ಲಿ ಮಿಕ್ಕಿದ ಅಲ್ಬೆಂಡಜೋಲ್ ಸಿರಪ್ ಕೂಡ ಮರಿಗೆ ಬೇಡ. ಅದರಿಂದ ನಾಯಿಯ ಮೂಳೆಮಜ್ಜೆಗೆ ಪೆಟ್ಟು ಬೀಳಬಹುದು.

ಔಷಧಿಯ ಕೈಗೆ ಸಿಗದ್ದು ಮಣ್ಣು. ಹಸಿ ಮಲದಲ್ಲಿರುವ ಮೊಟ್ಟೆ ಸೋಂಕು ತರುವುದಿಲ್ಲ, ಮಣ್ಣಿನಲ್ಲಿ ಎರಡು ವಾರದಿಂದ ಒಂದು ತಿಂಗಳು ಕಳೆದ ಮೇಲೆ ಅದಕ್ಕೆ ಆ ಶಕ್ತಿ ಬರುತ್ತದೆ. ಆಮೇಲೆ ವರ್ಷಗಟ್ಟಲೆ ಉಳಿಯಬಲ್ಲದು. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಅದರ ದಪ್ಪ ಕವಚವನ್ನು ಭೇದಿಸುವುದಿಲ್ಲ. ಸಿಮೆಂಟಿನ ನೆಲವಾದರೆ ಕುದಿಯುವ ನೀರು ಸುರಿಯಿರಿ, ಅಂಗಳವಾದರೆ ಮಲವನ್ನು ಆ ದಿನವೇ ಎತ್ತಿಬಿಡಿ. ಎತ್ತಿದ್ದನ್ನು ತರಕಾರಿ ಮಡಿಗೆ ಗೊಬ್ಬರವಾಗಿ ಹಾಕಬೇಡಿ. ನಮ್ಮ ಬೀದಿಗಳಲ್ಲಿ ಮನೆ ಕಟ್ಟಲು ಸುರಿದ ಮರಳಿನ ರಾಶಿ ನಾಯಿಗಳಿಗೆ ಹಾಸಿಗೆ, ಮಕ್ಕಳಿಗೆ ಆಟದ ಬಯಲು. ಸಂಜೆ ಅದರ ಮೇಲೊಂದು ಟಾರ್ಪಾಲು ಎಳೆಯುವುದು ದೊಡ್ಡ ಉಪಕಾರ.

ಮಗುವಿನ ಹೊಟ್ಟೆ ಸೇರಿದ ಮೊಟ್ಟೆಯಿಂದ ಹೊರಬಂದ ಲಾರ್ವಾ ಎಂದೂ ಹುಳುವಾಗಿ ಬೆಳೆಯುವುದಿಲ್ಲ, ಮೈಯೊಳಗೆ ಅಲೆಯುತ್ತದೆ. ಹಾಗಾಗಿ ಮಗುವಿನ ಮಲಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ರಕ್ತದ ಎಲೈಸಾ ಪರೀಕ್ಷೆ ಬೇಕು. ಶಾಲೆಯಲ್ಲಿ ಜಂತುಹುಳು ನಿವಾರಣಾ ದಿನ ಕೊಡುವ 400 ಮಿಗ್ರಾಂನ ಒಂದು ಅಲ್ಬೆಂಡಜೋಲ್ ಮಾತ್ರೆ ಮಕ್ಕಳ ಕರುಳಿನ ಹುಳುಗಳಿಗೆ, ಇದಕ್ಕೆ ಚಿಕಿತ್ಸೆಯಲ್ಲ. ಬಿಡದ ಕೆಮ್ಮು, ಜ್ವರ, ರಕ್ತದಲ್ಲಿ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಏರಿಕೆ ಕಂಡರೆ ಮನೆಯಲ್ಲಿ ನಾಯಿಮರಿ ಇದೆ ಎಂದೂ ಮಗು ಮಣ್ಣು ತಿನ್ನುತ್ತದೆ ಎಂದೂ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಲಾರ್ವಾ ಕಣ್ಣಿಗೆ ಹೋದರೆ ಸಾಮಾನ್ಯವಾಗಿ ಒಂದೇ ಕಣ್ಣಿಗೆ ಪೆಟ್ಟು, ಇನ್ನೊಂದರಲ್ಲಿ ನೋಡಿಕೊಂಡು ಮಗು ಆಡುತ್ತಲೇ ಇರುತ್ತದೆ. ಆಗಾಗ ಒಂದೊಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಅಂಕಿ ಓದಿಸಿ ನೋಡಿ.